ಇಂಗ್ಲೀಷ್ ಕ್ರಿಯಾಪದವೂ ಕನ್ನಡದ ಮನೆಯೂ

ಪರಭಾಷೆಯನ್ನು ಕಲಿಯುವವರಿಗೆ ನಾಮಪದವು ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಅದು ಪರಿಚಿತ ನೆಂಟನಂತೆ. ಚಾಪೆ ಹಾಸಿದಲ್ಲಿ ಕುಳಿತು, ಬಡಿಸಿದ್ದನ್ನು ಉಂಡು, ಸುಮ್ಮನೆ ಹೋಗುತ್ತದೆ. ಕ್ರಿಯಾಪದವಾದರೋ ಹೊಸದಾಗಿ ಬಂದ ಬೀಗರಂತೆ. ಅದರ ಕಾಲ, ಕ್ರಮ, ಉಪಚಾರ ಇವುಗಳಲ್ಲಿ ಯಾವುದೊಂದರಲ್ಲಿ ಕೊರತೆಯಾದರೂ ನಾಲ್ಕು ಜನರ ಮುಂದೆ ಮಾತು ಬರುತ್ತದೆ. ಇಂಗ್ಲೀಷು ಕಲಿಯುವ ನಮ್ಮ ಮಕ್ಕಳು ಎಡವುವುದು ಬಹುಮಟ್ಟಿಗೆ ಈ ಕ್ರಿಯಾಪದದ ಹೊಸ್ತಿಲಿನಲ್ಲಿಯೇ. ಆದುದರಿಂದ ಈ ವಿಷಯವನ್ನು ಕುರಿತು, ಇಂಗ್ಲೀಷು ಬಲ್ಲವರಿಗೂ ಬಾರದವರಿಗೂ ಸಮಾನವಾಗಿ ಪ್ರಯೋಜನವಾಗುವಂತೆ, ನಮಗೆ ತೋರಿದ ಕೆಲವು ಮಾತುಗಳನ್ನು ವಾಚಕರ ಮುಂದೆ ಇಡಬೇಕೆಂದಿದ್ದೇವೆ.

ಕಾವೇರಿಯ ದಡದಲ್ಲಿರುವ ನಮ್ಮ ಕೊಣನೂರಿನ ಮನೆಗಳಿಗೆ ಇಂಗ್ಲೀಷು ಈಗ ದೂರದ ವಸ್ತುವಲ್ಲ. ಕರ್ನಾಟಕದ ಸರಕಾರಿ ಕನ್ನಡ ಶಾಲೆಗಳಲ್ಲಿ 2007ನೆಯ ಇಸವಿಯಿಂದ ಒಂದನೆಯ ತರಗತಿಯಲ್ಲಿಯೇ ಅದನ್ನು ಒಂದು ಪಾಠವಿಷಯವಾಗಿ ಆರಂಭಿಸಿದರು. ಎಂದರೆ, ಹತ್ತನೆಯ ತರಗತಿಯನ್ನು ಮುಗಿಸುವ ಹೊತ್ತಿಗೆ ಮಗುವಿಗೂ ಇಂಗ್ಲೀಷಿಗೂ ಹತ್ತು ವರ್ಷಗಳ ಸಹವಾಸವಾಗಿರುತ್ತದೆ. ಹೊಗೆಸೊಪ್ಪು ಬೆಳೆದು ರಾಮನಾಥಪುರದ ಹರಾಜಿಗೆ ಸಾಗಿಸುವ ಗೃಹಸ್ಥನೂ, ಅಂಗಡಿ ಇಟ್ಟಿರುವ ಗೃಹಸ್ಥನೂ, ತಮ್ಮ ಮಕ್ಕಳು ಹಾಸನಕ್ಕೋ ಮೈಸೂರಿಗೋ ಬೆಂಗಳೂರಿಗೋ ಹೋಗಿ ಒಂದು ಉದ್ಯೋಗವನ್ನು ಹಿಡಿಯಲಿ ಎಂದು ಬಯಸುತ್ತಾರೆ. ಆ ಉದ್ಯೋಗದ ಬಾಗಿಲಿನಲ್ಲಿ ನಡೆಯುವ ಮೊದಲ ಐದು ನಿಮಿಷಗಳ ಸಂಭಾಷಣೆ ಇಂಗ್ಲೀಷಿನಲ್ಲಿಯೇ ನಡೆಯುವುದು ವಾಡಿಕೆ. ಲೆಕ್ಕವನ್ನೂ ವಿಜ್ಞಾನವನ್ನೂ ಚೆನ್ನಾಗಿ ಬಲ್ಲ ಮಕ್ಕಳು ಆ ಐದು ನಿಮಿಷಗಳಲ್ಲಿ ಮೂಕರಾಗಿ ಹಿಂದಿರುಗುವುದನ್ನು, ಮೂವತ್ತಕ್ಕೂ ಮಿಕ್ಕ ವರ್ಷ ಪಾಠ ಹೇಳಿ ನಿವೃತ್ತರಾದ ನಾವು ಪದೇ ಪದೇ ನೋಡಿದ್ದೇವೆ.

ಒಂದು ಉದಾಹರಣೆಯನ್ನು ಮಾತ್ರ ಹೇಳುವೆವು. ಎಂಟನೆಯ ತರಗತಿಯ ಒಬ್ಬ ಹುಡುಗಿ, ಹಿಂದಿನ ದಿನ ಶಾಲೆಗೆ ಬಾರದಿದ್ದ ಕಾರಣವನ್ನು ಹೇಳುತ್ತ, ‘ಐ ಡಿಡ್ ನಾಟ್ ವೆಂಟ್ ಟು ಮ್ಯಾರೇಜ್, ಐ ವಾಸ್ ಫೀವರ್’ ಎಂದಳು. ಶಾಲೆಯನ್ನು ನೋಡಲು ಬಂದಿದ್ದ ಹಿರಿಯರೊಬ್ಬರು ಗಟ್ಟಿಯಾಗಿ ನಕ್ಕರು. ತರಗತಿಯೂ ಅವರೊಡನೆ ನಕ್ಕಿತು. ಅಲ್ಲಿಂದ ಮುಂದಿನ ಮೂರು ವರ್ಷಗಳಲ್ಲಿ ಆ ಹುಡುಗಿ ಇಂಗ್ಲೀಷಿನಲ್ಲಿ ಬರೆದಳೇ ಹೊರತು ಬಾಯಿ ತೆರೆಯಲಿಲ್ಲ. ಅವಳ ತಾಯಿ ಒಂದು ಸಂಜೆ ನಮ್ಮಲ್ಲಿಗೆ ಬಂದು, “ನನಗೊಂದಕ್ಷರ ಇಂಗ್ಲೀಷು ಬರೋದಿಲ್ಲ ಮೇಷ್ಟ್ರೇ. ಬರುತ್ತಿದ್ದರೆ ಮನೇಲಾದರೂ ಹೇಳಿಕೊಡುತ್ತಿದ್ದೆ” ಎಂದು ಕಣ್ಣೊರಸಿಕೊಂಡರು. “ತಾಯಿ, ನಿಮಗೆ ಕನ್ನಡ ಬರುತ್ತದೆಯಲ್ಲ, ಅರ್ಧ ಕೆಲಸ ಅದರಿಂದಲೇ ಆಗುತ್ತದೆ” ಎಂದು ನಾವು ಹೇಳಿದೆವು. ಅದು ಬರಿಯ ಸಮಾಧಾನದ ಮಾತಲ್ಲವೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಮಕ್ಕಳ ಇಂಗ್ಲೀಷ್ ತಪ್ಪುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು ಹೋದರೆ ಒಂದು ಸಂಗತಿ ಗೋಚರವಾಗುತ್ತದೆ. ಅವು ಮನಸ್ಸಿಗೆ ಬಂದಂತೆ ಬಿದ್ದ ತಪ್ಪುಗಳಲ್ಲ. ಎಲ್ಲ ಮಕ್ಕಳೂ ಅವೇ ತಪ್ಪುಗಳನ್ನು ಅವೇ ಸ್ಥಳಗಳಲ್ಲಿ ಮಾಡುತ್ತಾರೆ. ಹೀಗೆ ಕ್ರಮವಾಗಿ ನಡೆಯತಕ್ಕ ವಸ್ತುವಿಗೆ ಒಂದು ನಿಯಮವಿರಲೇಬೇಕು. ಆ ನಿಯಮ ಕನ್ನಡದ್ದು. ಮಗು ಕನ್ನಡದ ವ್ಯಾಕರಣವನ್ನು ಕಿಂಚಿತ್ತೂ ಲೋಪವಿಲ್ಲದೆ ಇಂಗ್ಲೀಷ್ ಶಬ್ದಗಳ ಮೇಲೆ ನಡೆಸುತ್ತದೆ. ತಪ್ಪೆಂಬುದು ಅಜ್ಞಾನದ ಗುರುತಲ್ಲ, ಎರಡು ಶಾಸ್ತ್ರಗಳ ಗಡಿಯ ಕಲ್ಲು. ಆ ಕಲ್ಲು ಎಲ್ಲಿ ನೆಟ್ಟಿದೆಯೆಂದು ಮಗುವಿಗೆ ತೋರಿಸಿದರೆ ಅದು ತಾನಾಗಿಯೇ ದಾಟುತ್ತದೆ.

ಒಂದು ಭಾಷೆಯನ್ನು ಇನ್ನೊಂದರ ಬೆಳಕಿನಲ್ಲಿ ನೋಡುವುದು ನಮ್ಮ ದೇಶದಲ್ಲಿ ಹೊಸ ಪದ್ಧತಿಯಲ್ಲ. ಭಟ್ಟಾಕಳಂಕನು 1604ರಲ್ಲಿ ಕನ್ನಡದ ವ್ಯಾಕರಣವನ್ನು ಸಂಸ್ಕೃತದ 592 ಸೂತ್ರಗಳಲ್ಲಿ ರಚಿಸಿದನು. ಅನಂತರ ಕಡಲಾಚೆಯಿಂದ ಬಂದವರೂ ಇದೇ ಹಾದಿಯನ್ನು ಹಿಡಿದರು. ವಿಲಿಯಂ ಕೇರಿಯವರು 1817ರಲ್ಲಿ ಶ್ರೀರಾಂಪುರದಲ್ಲಿ ಕನ್ನಡ ವ್ಯಾಕರಣವನ್ನು ಇಂಗ್ಲೀಷಿನಲ್ಲಿ ಅಚ್ಚು ಹಾಕಿಸಿದರು. 1853ರಲ್ಲಿ ಮಂಗಳೂರಿಗೆ ಬಂದ ಜರ್ಮನಿಯ ಫರ್ಡಿನೆಂಡ್ ಕಿಟೆಲರು 1894ರಲ್ಲಿ ತಮ್ಮ ಮಹಾನಿಘಂಟನ್ನೂ 1903ರಲ್ಲಿ ವ್ಯಾಕರಣವನ್ನೂ ಪ್ರಕಟಿಸಿದರು. ಅವರೆಲ್ಲರೂ ಕನ್ನಡದ ಕ್ರಿಯಾರೂಪಗಳನ್ನು ತಮ್ಮ ಭಾಷೆಯ ರೂಪಗಳ ಪಕ್ಕದಲ್ಲಿಟ್ಟು ತೂಗಿ ನೋಡಿಯೇ ಕಲಿತರು. ನಮ್ಮ ಮಕ್ಕಳಿಗೆ ಈ ಅನುಕೂಲ ದೊರೆಯುವುದು ಕಡಿಮೆ. ರೆನ್ ಮತ್ತು ಮಾರ್ಟಿನ್ ಎಂಬಿಬ್ಬರ 1935ರ ವ್ಯಾಕರಣ ಪುಸ್ತಕವು ಭಾರತದ ಶಾಲೆಗಳಲ್ಲಿ ಮನೆಮಾತಾಗಿದೆ; ಒಳ್ಳೆಯ ಪುಸ್ತಕವೇ ಹೌದು. ಆದರೆ ಅದು ಎಲ್ಲ ಪ್ರಾಂತಗಳ ಮಕ್ಕಳಿಗಾಗಿ ಇಂಗ್ಲೀಷಿನಲ್ಲಿಯೇ ಬರೆದುದಾದ ಕಾರಣ, ಕನ್ನಡದ ಮಗು ಎಲ್ಲಿ ಎಡವುತ್ತದೆಂಬುದನ್ನು ಹೇಳಲಾರದು. ಆ ಕೆಲಸವನ್ನು ಮನೆಯವರೂ ಊರಿನ ಉಪಾಧ್ಯಾಯರೂ ಮಾಡಬೇಕು. ಮುಖ್ಯವಾದ ಐದು ಎಡೆಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, ಮೇಲೆ ಹೇಳಿದ ‘ಡಿಡ್ ನಾಟ್ ವೆಂಟ್’ ಎಂಬುದು. ಕನ್ನಡದಲ್ಲಿ ಕ್ರಿಯೆಗಳು ಗುಂಪಾಗಿ ಬಂದಾಗ ಕಾಲ, ಪುರುಷ, ವಚನಗಳ ಗುರುತು ಕೊನೆಯ ಪದದ ಮೇಲೆ ಬೀಳುತ್ತದೆ. ‘ಹೋಗಿ ನೋಡಿಕೊಂಡು ಬಂದಳು’ ಎಂಬಲ್ಲಿ ಹೋದವಳು, ನೋಡಿಕೊಂಡವಳು, ಬಂದವಳು ಒಬ್ಬಳೇ ಎಂಬುದನ್ನೂ, ಅದು ಆಗಿಹೋದ ಕೆಲಸ ಎಂಬುದನ್ನೂ ಕೊನೆಯ ‘ಬಂದಳು’ ಒಂದೇ ಹೇಳಿಬಿಡುತ್ತದೆ. ಇಂಗ್ಲೀಷಿನಲ್ಲಿ ಇದು ತಲೆಕೆಳಗು. ಅಲ್ಲಿ ಗುಂಪಿನ ಮೊದಲ ಪದವೇ ಆ ಗುರುತನ್ನು ಹೊರುತ್ತದೆ. ಎರಡು ಭಾಷೆಗಳಲ್ಲಿಯೂ ನಿಯಮವೊಂದೇ: ಒಂದು ಗುಂಪಿಗೆ ಒಬ್ಬನೇ ಯಜಮಾನ. ಕನ್ನಡದ ಯಜಮಾನನು ಕೊನೆಯಲ್ಲಿ ನಡೆಯುತ್ತಾನೆ, ಇಂಗ್ಲೀಷಿನ ಯಜಮಾನನು ಮುಂದೆ ನಡೆಯುತ್ತಾನೆ. ‘ಡಿಡ್’ ಬಂದು ಭೂತಕಾಲದ ಭಾರವನ್ನು ಹೊತ್ತ ಮೇಲೆ ‘ವೆಂಟ್’ ಮತ್ತೆ ಅದನ್ನು ಹೊರಬಾರದು. ಹೊತ್ತರೆ ಒಂದು ಮನೆಗೆ ಇಬ್ಬರು ಯಜಮಾನರಾಗುತ್ತಾರೆ. ಆದಕಾರಣ ‘ಐ ಡಿಡ್ ನಾಟ್ ಗೋ’ ಎಂದೇ ಹೇಳತಕ್ಕದ್ದು. ‘ಹಿ ಗೋಸ್’ ಎಂಬಲ್ಲಿರುವ ಸಕಾರಕ್ಕೂ ಇದೇ ನ್ಯಾಯ. ‘ಡಸ್’ ಬಂದೊಡನೆ ಆ ಸಕಾರವು ಬೀಗದ ಕೈಯಂತೆ ಅದರ ಸೊಂಟಕ್ಕೆ ಹೋಗುತ್ತದೆ. ‘ಡಸ್ ಹಿ ಗೋ’ ಎನ್ನಬೇಕು, ‘ಡಸ್ ಹಿ ಗೋಸ್’ ಎನ್ನಲಾಗದು.

ಇಲ್ಲಿ ಕನ್ನಡವು ಮಗುವಿಗೆ ಅಡ್ಡಿ ಮಾತ್ರವಲ್ಲ, ಸಹಾಯವೂ ಆಗಬಲ್ಲದು. ‘ಹೋದನು’ ಎಂಬುದಕ್ಕೆ ನಿಷೇಧವನ್ನು ಹೇಳಿಸಿರಿ. ಯಾವ ಮಗುವೂ ‘ಹೋದನಿಲ್ಲ’ ಎನ್ನುವುದಿಲ್ಲ, ‘ಹೋಗಲಿಲ್ಲ’ ಎನ್ನುತ್ತದೆ. ನಿಷೇಧ ಬಂದೊಡನೆ ‘ಹೋದ’ ಎಂಬ ಭೂತರೂಪವು ಸರಿದು, ‘ಹೋಗ’ ಎಂಬ ಮೂಲಧಾತು ಹೊರಗೆ ಬರುತ್ತದೆ. ‘ಡಿಡ್ ನಾಟ್’ ಬಂದೊಡನೆ ‘ವೆಂಟ್’ ಸರಿದು ‘ಗೋ’ ಬರುವುದೂ ಹೀಗೆಯೇ. ಈ ಸಾಮ್ಯವನ್ನು ತೋರಿಸಿದರೆ ಮಗು ನಕ್ಕು ಒಪ್ಪಿಕೊಳ್ಳುತ್ತದೆ. ಪ್ರಶ್ನೆಯಲ್ಲಿ ಮಾತ್ರ ಎಚ್ಚರಿಕೆ ಬೇಕು. ‘ಹೋದನೇ?’ ಎಂದು ಕೇಳುವಾಗ ಕನ್ನಡದ ಭೂತರೂಪ ಕದಲುವುದಿಲ್ಲ. ಇಂಗ್ಲೀಷಿನಲ್ಲಿ ಅದು ಪ್ರಶ್ನೆಗೂ ಕದಲುತ್ತದೆ: ‘ಡಿಡ್ ಹಿ ಗೋ?’ ಇಂಗ್ಲೀಷರೂ ಮೊದಲಿನಿಂದ ಹೀಗೆ ಹೇಳುತ್ತಿರಲಿಲ್ಲ. 1611ರಲ್ಲಿ ಅಚ್ಚಾದ ಅವರ ಬೈಬಲಿನಲ್ಲಿ ‘ನನಗೆ ತಿಳಿಯದು’ ಎಂಬುದಕ್ಕೆ ‘ಐ ನೋ ನಾಟ್’ ಎಂಬ ರೀತಿಯೇ ಇದೆ. ‘ಡೂ’ ಎಂಬ ಈ ಯಜಮಾನನು ಆ ಮನೆಯಲ್ಲಿ ತಡವಾಗಿ ಪಟ್ಟಕ್ಕೆ ಬಂದವನು.

ಎರಡನೆಯದು, ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ಎಂಬುದು. ಕನ್ನಡದಲ್ಲಿ ಸ್ವಾಮ್ಯವನ್ನು ಹೇಳಲು ಬೇರೆ ಧಾತುವಿನ ಬಳಕೆ ಹೆಚ್ಚಾಗಿಲ್ಲ; ‘ಇರು’ ಎಂಬುದರಿಂದಲೇ ಕೆಲಸ ಸಾಗುತ್ತದೆ. ‘ನನಗೆ ಇಬ್ಬರು ತಮ್ಮಂದಿರು ಇದ್ದಾರೆ’ ಎಂದು ಚತುರ್ಥೀ ವಿಭಕ್ತಿಯನ್ನು ಇಟ್ಟು ಹೇಳುತ್ತೇವೆ. ಸಂಸ್ಕೃತದಲ್ಲಿಯೂ ‘ಮಮ ದ್ವೌ ಭ್ರಾತರೌ ಸ್ತಃ’ ಎಂದು ಷಷ್ಠಿಯೊಡನೆ ‘ಇರು’ ಎಂಬರ್ಥದ ಧಾತುವೇ ಬರುತ್ತದೆ. ಇಂಗ್ಲೀಷಿನಲ್ಲಿ ಮಾತ್ರ ‘ಹ್ಯಾವ್’ ಎಂಬ ಪ್ರತ್ಯೇಕ ಧಾತುವುಂಟು. ಅದನ್ನು ‘ಹೊಂದಿದ್ದೇನೆ’ ಎಂದು ಕಲಿಸಿದಾಗ, ಮಗು ಆ ಪದದಲ್ಲಿರುವ ‘ಇದ್ದೇನೆ’ಗೆ ‘ಆಮ್’ ಎಂದೂ ‘ಹೊಂದಿ’ ಎಂಬುದಕ್ಕೆ ‘ಹ್ಯಾವಿಂಗ್’ ಎಂದೂ ಬಿಡಿಸಿಕೊಳ್ಳುತ್ತದೆ. ಅದರ ತರ್ಕದಲ್ಲಿ ದೋಷವಿಲ್ಲ; ಇಂಗ್ಲೀಷಿನ ಒಪ್ಪಿಗೆ ಇಲ್ಲ, ಅಷ್ಟೆ.

ಇದಕ್ಕೆ ಒಂದು ಸುಲಭವಾದ ಪರೀಕ್ಷೆಯನ್ನು ನಾವು ಮಕ್ಕಳಿಗೆ ಹೇಳಿಕೊಡುತ್ತಿದ್ದೆವು. ಆ ಕ್ರಿಯೆಯನ್ನು ನಡುವೆ ನಿಲ್ಲಿಸಿ ಎದ್ದು ಬರಲಾಗುವುದೇ ಎಂದು ಕೇಳಿಕೊಳ್ಳಬೇಕು. ಉಣ್ಣುತ್ತಿರುವವನನ್ನು ಅರ್ಧಕ್ಕೆ ಎಬ್ಬಿಸಬಹುದು. ಬರೆಯುತ್ತಿರುವವನ ಲೇಖನಿಯನ್ನು ಕಸಿದುಕೊಳ್ಳಬಹುದು. ಆದರೆ ತಮ್ಮಂದಿರುಳ್ಳವನು ಅದನ್ನು ಹತ್ತು ನಿಮಿಷ ನಿಲ್ಲಿಸಿ ಮತ್ತೆ ಮುಂದುವರಿಸಲು ಬರುತ್ತದೆಯೇ? ನಿಲ್ಲಿಸಲು ಬರುವ ಕ್ರಿಯೆಗೆ ‘ಇಂಗ್’ ಪ್ರತ್ಯಯ ಸಲ್ಲುತ್ತದೆ. ಸ್ಥಿತಿಯನ್ನು ಹೇಳುವ ಕ್ರಿಯೆಗೆ ಸಾಮಾನ್ಯವಾಗಿ ಸಲ್ಲದು. ಆದಕಾರಣವೇ ‘ಐ ಆಮ್ ಹ್ಯಾವಿಂಗ್ ಮೈ ಲಂಚ್’ ಎಂಬುದು ಶುದ್ಧ, ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ಎಂಬುದು ಅಶುದ್ಧ. ‘ನೋ’, ‘ವಾಂಟ್’, ‘ಬಿಲಾಂಗ್’ ಎಂಬಿವೂ ಸ್ಥಿತಿಯ ಪಂಕ್ತಿಯಲ್ಲಿಯೇ ಕುಳಿತುಕೊಳ್ಳುತ್ತವೆ. ನಮ್ಮಲ್ಲಿಯೂ ‘ನನಗೆ ಗೊತ್ತು’, ‘ನನಗೆ ಬೇಕು’ ಎನ್ನುತ್ತೇವೆ, ‘ಬೇಕುತ್ತಿದೆ’ ಎನ್ನುವವರುಂಟೇ? ಇದನ್ನು ನೆನಪಿಸಿದರೆ ‘ಐ ಆಮ್ ವಾಂಟಿಂಗ್’ ಎಂಬ ದೋಷ ಬೇಗ ಕಳೆಯುತ್ತದೆ.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು. ಓದಿದ ದೊಡ್ಡವರೂ ಇಲ್ಲಿ ಜಾರುತ್ತಾರೆ. ಭೂತಕಾಲವನ್ನು ಎಷ್ಟು ಬಗೆಯಾಗಿ ಸೀಳಬೇಕೆಂಬ ವಿಚಾರದಲ್ಲಿ ಒಂದೊಂದು ಭಾಷೆಗೆ ಒಂದೊಂದು ದೃಷ್ಟಿ. ಪಾಣಿನಿಯ ಶಾಸ್ತ್ರದಲ್ಲಿ ಭೂತಕ್ಕೆ ಮೂರು ಲಕಾರಗಳು. ಸಾಮಾನ್ಯ ಭೂತಕ್ಕೆ ಲುಙ್, ಇಂದಿನದಲ್ಲದ ಭೂತಕ್ಕೆ ಲಙ್, ಮಾತನಾಡುವವನು ಕಣ್ಣಾರೆ ಕಾಣದಿದ್ದ ಭೂತಕ್ಕೆ ಲಿಟ್. ಅಲ್ಲಿ ಕೇಳುವ ಪ್ರಶ್ನೆ ಇವು: ಯಾವ ದಿನ ನಡೆಯಿತು? ನೀನು ಕಂಡೆಯಾ? ಇಂಗ್ಲೀಷು ಈ ಎರಡನ್ನೂ ಕೇಳುವುದಿಲ್ಲ. ಆಗಿಹೋದ ಕೆಲಸಕ್ಕೂ ಈ ಗಳಿಗೆಗೂ ಸಂಬಂಧ ಉಳಿದಿದೆಯೇ ಎಂದು ಅದು ಕೇಳುತ್ತದೆ. ಉಳಿದಿದ್ದರೆ ‘ಹ್ಯಾವ್’ ಸೇರಿದ ರೂಪ. ಕಡಿದುಹೋಗಿದ್ದರೆ ಸರಳ ಭೂತ.

ಸಂತೋಷದ ಸಂಗತಿಯೇನೆಂದರೆ, ಕನ್ನಡವೂ ಇದೇ ಪ್ರಶ್ನೆಯನ್ನು ಕೇಳುತ್ತದೆ. ‘ಮಾವ ಬಂದನು’ ಎಂಬುದಕ್ಕೂ ‘ಮಾವ ಬಂದಿದ್ದಾನೆ’ ಎಂಬುದಕ್ಕೂ ಇರುವ ವ್ಯತ್ಯಾಸ ಅಡುಗೆಯ ಮನೆಯಲ್ಲಿರುವವರಿಗೆ ಚೆನ್ನಾಗಿ ಗೊತ್ತು. ‘ಬಂದಿದ್ದಾನೆ’ ಎಂದರೆ ಈಗ ಮನೆಯಲ್ಲಿ ಇದ್ದಾನೆ, ಒಂದು ಎಲೆ ಹೆಚ್ಚಾಗಿ ಹಾಕಬೇಕು. ‘ಬಂದು’ ಎಂಬುದಕ್ಕೆ ‘ಇದ್ದಾನೆ’ ಸೇರಿ ಆದ ಈ ರೂಪವೇ ಇಂಗ್ಲೀಷಿನ ‘ಹ್ಯಾಸ್ ಕಮ್’. ನಿಷೇಧದಲ್ಲಿಯೂ ಹಾಗೆಯೇ, ‘ಬರಲಿಲ್ಲ’ ಎಂಬುದು ‘ಡಿಡ್ ನಾಟ್ ಕಮ್’, ‘ಬಂದಿಲ್ಲ’ ಎಂಬುದು ‘ಹ್ಯಾಸ್ ನಾಟ್ ಕಮ್’. ಇಷ್ಟು ಹತ್ತಿರದ ಹೋಲಿಕೆ ದೊರೆತಿರುವಾಗ ನಾವು ಅದನ್ನು ಬಳಸದಿರುವುದು ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದಂತೆ.

ಆದರೆ ದಾರಿ ಎರಡು ಕಡೆ ಕವಲಾಗುತ್ತದೆ. ‘ಮಾವ ನಿನ್ನೆ ಬಂದಿದ್ದಾನೆ’ ಎಂದು ಕನ್ನಡದಲ್ಲಿ ಹೇಳಬಹುದು. ಇಂಗ್ಲೀಷಿನಲ್ಲಿ ‘ಯೆಸ್ಟರ್‌ಡೇ’ ಎಂದು ಮುಗಿದ ಕಾಲವನ್ನು ಹೆಸರಿಸಿದ ಮೇಲೆ ‘ಹ್ಯಾಸ್ ಕಮ್’ ಎನ್ನಕೂಡದು. ‘ಕೇಮ್ ಯೆಸ್ಟರ್‌ಡೇ’ ಎಂದೇ ಹೇಳಬೇಕು. ಇದು ಒಂದು ಕವಲು. ಇನ್ನೊಂದು, ‘ಹೋಗಿದ್ದೆ’ ಎಂಬುದು. ‘ನಿನ್ನೆ ಹಾಸನಕ್ಕೆ ಹೋಗಿದ್ದೆ’ ಎಂದರೆ ಹೋಗಿ ಹಿಂದಿರುಗಿಯೂ ಆಯಿತು ಎಂಬ ಭಾವ ಕನ್ನಡದಲ್ಲಿ ತಾನಾಗಿ ಬರುತ್ತದೆ. ಇದನ್ನು ಅಕ್ಷರಶಃ ತಿರುಗಿಸಿ ‘ಐ ಹ್ಯಾಡ್ ಗಾನ್ ಟು ಹಾಸನ್ ಯೆಸ್ಟರ್‌ಡೇ’ ಎನ್ನುವುದು ನಮ್ಮ ಸೀಮೆಯಲ್ಲಿ ಎಲ್ಲೆಲ್ಲಿಯೂ ಕೇಳಿಬರುವ ಮಾತು. ಇಂಗ್ಲೀಷಿನಲ್ಲಿ ‘ಹ್ಯಾಡ್ ಗಾನ್’ ಎಂದೊಡನೆ ಕೇಳುವವನು, ಯಾವುದಕ್ಕಿಂತ ಮೊದಲು ಎಂದು ಕಾದು ಕುಳಿತುಕೊಳ್ಳುತ್ತಾನೆ. ಅದು ಒಂದು ಭೂತಕ್ಕೆ ಹಿಂದಿನ ಇನ್ನೊಂದು ಭೂತ. ‘ನಾವು ನಿಲ್ದಾಣಕ್ಕೆ ಬರುವ ಹೊತ್ತಿಗೆ ಬಸ್ಸು ಹೊರಟುಹೋಗಿತ್ತು’ ಎಂಬಲ್ಲಿ ಬರುವುದು ಒಂದು, ಅದಕ್ಕೆ ಮೊದಲೇ ಹೊರಟುಹೋಗಿದ್ದುದು ಇನ್ನೊಂದು. ಅಲ್ಲಿ ‘ಹ್ಯಾಡ್ ಲೆಫ್ಟ್’ ಯುಕ್ತವಾಗಿದೆ. ಒಂಟಿಯಾಗಿ ನಿಂತ ಸುದ್ದಿಗೆ ‘ಐ ವೆಂಟ್ ಟು ಹಾಸನ್ ಯೆಸ್ಟರ್‌ಡೇ’ ಎಂದರೆ ಸಾಕು.

ನಾಲ್ಕನೆಯದು, ‘ಹತ್ತು ವರ್ಷದಿಂದ ಕೊಣನೂರಿನಲ್ಲಿ ಇದ್ದೇನೆ’ ಎಂಬ ಸರಳವಾದ ವಾಕ್ಯ. ಮಗು ಇದನ್ನು ‘ಐ ಆಮ್ ಇನ್ ಕೊಣನೂರ್ ಸಿನ್ಸ್ ಟೆನ್ ಯಿಯರ್ಸ್’ ಎನ್ನುತ್ತದೆ. ಇಲ್ಲಿ ಎರಡು ತೊಡಕುಗಳು. ನಮ್ಮ ‘ಇಂದ’ ಪ್ರತ್ಯಯವು ಆರಂಭದ ಬಿಂದುವಿಗೂ ಕಾಲದ ಅಳತೆಗೂ ಸಮಾನ. ‘ಸೋಮವಾರದಿಂದ’ ಎನ್ನುತ್ತೇವೆ, ‘ಮೂರು ದಿನದಿಂದ’ ಎಂದೂ ಎನ್ನುತ್ತೇವೆ. ಇಂಗ್ಲೀಷು ಇವೆರಡನ್ನು ಬೇರ್ಪಡಿಸುತ್ತದೆ. ಬಿಂದುವಿಗೆ ‘ಸಿನ್ಸ್’, ಅಳತೆಗೆ ‘ಫಾರ್’. ಹೊಲದ ಮೂಲೆಯಲ್ಲಿ ನೆಟ್ಟ ಗೂಟ ‘ಸಿನ್ಸ್’. ಅಲ್ಲಿಂದ ಇಲ್ಲಿಗೆ ಎಳೆದ ಹಗ್ಗ ‘ಫಾರ್’ ಎಂದು ಹೇಳಿಕೊಟ್ಟರೆ ರೈತರ ಮಕ್ಕಳಿಗೆ ಮರೆಯುವುದಿಲ್ಲ. ಎರಡನೆಯ ತೊಡಕು ಕ್ರಿಯೆಯದು. ನಾವು ‘ಇದ್ದೇನೆ’ ಎಂಬ ವರ್ತಮಾನವನ್ನೇ ಹೇಳುತ್ತೇವೆ. ಇಂಗ್ಲೀಷು ಹಿಂದಿನಿಂದ ಇಂದಿನವರೆಗೆ ಹಬ್ಬಿದ ಆ ಹಗ್ಗವನ್ನು ಕಾಣಿಸಲು ‘ಹ್ಯಾವ್ ಬೀನ್’ ಎನ್ನುತ್ತದೆ. ‘ಐ ಹ್ಯಾವ್ ಬೀನ್ ಇನ್ ಕೊಣನೂರ್ ಫಾರ್ ಟೆನ್ ಯಿಯರ್ಸ್’ ಎಂಬುದು ಶುದ್ಧ ರೂಪ.

ಐದನೆಯದು, ನಮ್ಮ ಒಂದು ಧಾತುವಿನ ಕೆಲಸವನ್ನು ಅವರು ಎರಡು ಮೂರು ಧಾತುಗಳಿಗೆ ಹಂಚಿಕೊಟ್ಟಿರುವುದು. ‘ಕೇಳು’ ಎಂಬ ನಮ್ಮ ಧಾತು ಕಿವಿಗೆ ಬೀಳುವುದನ್ನೂ, ಕಿವಿಗೊಡುವುದನ್ನೂ, ಪ್ರಶ್ನಿಸುವುದನ್ನೂ ಒಂದರಿಂದಲೇ ನಿರ್ವಹಿಸುತ್ತದೆ. ಅವರಲ್ಲಿ ತಾನಾಗಿ ಕಿವಿಗೆ ಬಿದ್ದರೆ ‘ಹಿಯರ್’, ಮನಸ್ಸಿಟ್ಟು ಕೇಳಿದರೆ ‘ಲಿಸನ್’, ಪ್ರಶ್ನೆ ಕೇಳಿದರೆ ‘ಆಸ್ಕ್’. ‘ನೋಡು’ ಎಂಬುದಕ್ಕೂ ಹೀಗೆಯೇ. ಕಣ್ಣಿಗೆ ಬಿದ್ದರೆ ‘ಸೀ’, ಕಣ್ಣು ತಿರುಗಿಸಿ ನೋಡಿದರೆ ‘ಲುಕ್’, ನಡೆಯುತ್ತಿರುವುದನ್ನು ಕುಳಿತು ನೋಡಿದರೆ ‘ವಾಚ್’. ‘ಹೇಳು’ ಎಂಬುದು ‘ಸೇ’ ಆಗಬಹುದು, ‘ಟೆಲ್’ ಆಗಬಹುದು. ಯಾರಿಗೆ ಎಂಬುದು ಕ್ರಿಯೆಯ ಬೆನ್ನಿಗೇ ಬಂದರೆ ‘ಟೆಲ್’. ನಮ್ಮ ಆಚಾರದಿಂದ ಹುಟ್ಟಿದ ಮಾತೂ ಒಂದುಂಟು. ಮನೆಯಿಂದ ಹೊರಡುವಾಗ ‘ಹೋಗುತ್ತೇನೆ’ ಎನ್ನುವುದು ಶುಭವಲ್ಲವೆಂದು ‘ಹೋಗಿ ಬರುತ್ತೇನೆ’ ಎನ್ನುತ್ತೇವೆ. ಮಗು ಅದನ್ನು ‘ಐ ವಿಲ್ ಗೋ ಅಂಡ್ ಕಮ್’ ಎಂದು ಹೇಳಿದರೆ ಪರದೇಶದವನಿಗೆ ಅರ್ಥವಾಗದೆ ಇರಬಹುದು; ಆದರೆ ಆ ಮಾತಿನ ಹಿಂದಿರುವ ಸಂಸ್ಕಾರವನ್ನು ಹಳಿಯಬೇಕಾಗಿಲ್ಲ. ಪರರೊಡನೆ ‘ಐ ವಿಲ್ ಬಿ ಬ್ಯಾಕ್’ ಎಂದು ಹೇಳು, ಮನೆಯಲ್ಲಿ ‘ಹೋಗಿ ಬರುತ್ತೇನೆ’ ಎಂದೇ ಹೇಳು ಎಂದು ತಿಳಿಸಿದರೆ ಸಾಕು.

ಇನ್ನು ಮಕ್ಕಳನ್ನು ಬಹಳವಾಗಿ ಹೆದರಿಸುವುದು ಕ್ರಮ ತಪ್ಪಿದ ಧಾತುಗಳ ಪಟ್ಟಿ. ‘ಗೋ’ ಹೋಗಿ ‘ವೆಂಟ್’ ಆಗುವುದೇಕೆ ಎಂದು ಮಗು ಕೇಳಿದರೆ, ಸುಮ್ಮನೆ ಬಾಯಿಪಾಠ ಮಾಡು ಎಂದು ಗದರಿಸುವುದುಂಟು. ಉತ್ತರವಿಲ್ಲದೆ ಇಲ್ಲ. ‘ವೆಂಟ್’ ಎಂಬುದು ‘ವೆಂಡ್’ ಎಂಬ ಬೇರೊಂದು ಹಳೆಯ ಧಾತುವಿನ ಭೂತರೂಪ. ಅದು ‘ಗೋ’ವಿನ ಮನೆಗೆ ದತ್ತು ಬಂದಿತು. ಸಂಸ್ಕೃತದಲ್ಲಿ ದೃಶ್ ಧಾತುವಿಗೆ ವರ್ತಮಾನದಲ್ಲಿ ‘ಪಶ್ಯತಿ’ ಎಂದು ಬೇರೆಯೇ ರೂಪ ಬರುವುದನ್ನು ಓದಿದವರಿಗೆ ಇದು ವಿಚಿತ್ರವೆನಿಸದು. ‘ಆಮ್’, ‘ಈಸ್’, ‘ಬಿ’, ‘ವಾಸ್’ ಎಂಬ ಚೂರು ಚೂರಾದ ರೂಪಗಳು ನಮ್ಮ ‘ಅಸ್ಮಿ’, ‘ಅಸ್ತಿ’, ‘ಭೂ’, ‘ವಸ್’ ಎಂಬವುಗಳ ದಾಯಾದಿಗಳೇ ಆಗಿವೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳಿಗೆ ಒಂದೇ ಮೂಲವಿರಬೇಕೆಂದು ವಿಲಿಯಂ ಜೋನ್ಸರು 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಭಾಷಣ ಮಾಡಿದಂದಿನಿಂದ ಈ ಬಾಂಧವ್ಯದ ವಿಚಾರ ಬೆಳೆದು ಬಂದಿದೆ. ಕನ್ನಡವು ಆ ವಂಶದ್ದಲ್ಲ. ಆದರೂ ಕ್ರಮ ತಪ್ಪಿದ ಧಾತುಗಳಿಗೆ ನಮ್ಮಲ್ಲಿಯೂ ಬರವಿಲ್ಲ. ‘ಮಾಡು’ವಿಗೆ ‘ಮಾಡಿದ’ ಸರಿ. ಆದರೆ ‘ಬರು’ವಿಗೆ ‘ಬಂದ’, ‘ಕೊಡು’ವಿಗೆ ‘ಕೊಟ್ಟ’, ‘ನಗು’ವಿಗೆ ‘ನಕ್ಕ’, ‘ಸಾಯು’ವಿಗೆ ‘ಸತ್ತ’, ‘ನಿಲ್ಲು’ವಿಗೆ ‘ನಿಂತ’. ತೊಟ್ಟಿಲು ಬಿಟ್ಟಿಳಿದ ಕೂಸು ‘ಬರಿದ’, ‘ಕೊಡಿದ’ ಎಂದು ತೊದಲಿದರೆ ನಾವು ಎತ್ತಿ ಮುದ್ದಾಡಿ ‘ಬಂದ’ ಎಂದು ತಿದ್ದುತ್ತೇವೆ. ಅದೇ ಮಗು ಏಳು ವರ್ಷದ ಅನಂತರ ‘ಗೋಡ್’ ಎಂದು ಇಂಗ್ಲೀಷಿನಲ್ಲಿ ತೊದಲಿದರೆ ಅದನ್ನು ಎದ್ದು ನಿಲ್ಲಿಸಿ ನಗುತ್ತೇವೆ. ಎರಡೂ ಒಂದೇ ತೊದಲು.

ಇಂಗ್ಲೀಷು ಈಗ ನಮ್ಮದೂ ಆಗಿದೆ, ನಾವು ನಮ್ಮ ರೀತಿಯಲ್ಲಿಯೇ ಆಡಿದರೆ ದೋಷವೇನು ಎಂದು ಕೇಳುವವರೂ ಇದ್ದಾರೆ. ಅದು ತಳ್ಳಿಹಾಕುವ ಮಾತಲ್ಲ. ನಮ್ಮ ಹಾಸನದಲ್ಲಿಯೇ 1908ರಲ್ಲಿ ಹುಟ್ಟಿದ ರಾಜಾರಾಯರು 1938ರಲ್ಲಿ ‘ಕಾಂತಾಪುರ’ ಎಂಬ ಕಾದಂಬರಿಯನ್ನು ಇಂಗ್ಲೀಷಿನಲ್ಲಿ ಪ್ರಕಟಿಸಿ, ನಮ್ಮ ಹಳ್ಳಿಯ ಅಜ್ಜಿಯ ಮಾತಿನ ಓಟವನ್ನು ಆ ಭಾಷೆಗೆ ತೊಡಿಸಿ ಲೋಕದಲ್ಲಿ ಹೆಸರಾದರು. ಆದರೆ ಅವರು ನಿಯಮವನ್ನು ಬಲ್ಲವರಾಗಿ, ಬೇಕೆಂದೇ ಬಾಗಿಸಿದರು. ಬೇಕೆಂದು ಬಾಗುವುದು ಬೇರೆ, ಬೆನ್ನು ನೆಟ್ಟಗಾಗದೆ ಬಾಗಿರುವುದು ಬೇರೆ. ಅರ್ಜಿ ಬರೆಯುವ ಹುಡುಗನಿಗೂ ಉದ್ಯೋಗಕ್ಕೆ ಹೋಗುವ ಹುಡುಗಿಗೂ ಮೊದಲು ನೆಟ್ಟಗೆ ನಿಲ್ಲುವ ಶಕ್ತಿ ಬರಬೇಕು.

ಅದಕ್ಕೆ ಮನೆಯಲ್ಲಿ ಮಾಡತಕ್ಕದ್ದೇನು? ಸಂಜೆ ದೀಪ ಹಚ್ಚಿದ ಮೇಲೆ ಹತ್ತು ನಿಮಿಷ ಸಾಕು. ತಾಯಿಯೋ ಅಜ್ಜಿಯೋ ಒಂದು ಕನ್ನಡ ಧಾತುವನ್ನು ಹಿಡಿದು ಎಂಟು ರೂಪಗಳನ್ನು ಒಂದೊಂದಾಗಿ ಹೇಳಲಿ. ಮಗು ಅವುಗಳಿಗೆ ಇಂಗ್ಲೀಷ್ ರೂಪವನ್ನು ಹೇಳಿ ಪುಸ್ತಕದಲ್ಲಿ ಬರೆಯಲಿ. ‘ಬರೆ’ ಎಂಬುದನ್ನು ತೆಗೆದುಕೊಳ್ಳೋಣ. ‘ಬರೆದಳು’ ಎಂದರೆ ‘ಶಿ ರೋಟ್’; ‘ಬರೆಯಲಿಲ್ಲ’ ಎಂದರೆ ‘ಶಿ ಡಿಡ್ ನಾಟ್ ರೈಟ್’. ‘ಬರೆದಿದ್ದಾಳೆ’ ಎಂದರೆ ‘ಶಿ ಹ್ಯಾಸ್ ರಿಟನ್’. ‘ಬರೆದಿಲ್ಲ’ ಎಂದರೆ ‘ಶಿ ಹ್ಯಾಸ್ ನಾಟ್ ರಿಟನ್’. ‘ಬರೆಯುತ್ತಿದ್ದಾಳೆ’ ಎಂದರೆ ‘ಶಿ ಈಸ್ ರೈಟಿಂಗ್’. ‘ಬರೆಯುತ್ತಿಲ್ಲ’ ಎಂದರೆ ‘ಶಿ ಈಸ್ ನಾಟ್ ರೈಟಿಂಗ್’. ‘ಬರೆಯುವಳು’ ಎಂದರೆ ‘ಶಿ ವಿಲ್ ರೈಟ್’. ‘ಬರೆಯುವುದಿಲ್ಲ’ ಎಂದರೆ, ಮುಂದಿನ ಮಾತಾದರೆ ‘ಶಿ ವಿಲ್ ನಾಟ್ ರೈಟ್’, ಅಭ್ಯಾಸದ ಮಾತಾದರೆ ‘ಶಿ ಡಸ್ ನಾಟ್ ರೈಟ್’. ಹೇಳುವವರಿಗೆ ಇಂಗ್ಲೀಷು ಬಾರದಿದ್ದರೂ ಚಿಂತೆಯಿಲ್ಲ. ‘ಬರೆಯಲಿಲ್ಲ’ ಎಂಬುದಕ್ಕೂ ‘ಬರೆದಿಲ್ಲ’ ಎಂಬುದಕ್ಕೂ ಮಗು ಒಂದೇ ಉತ್ತರವನ್ನು ಕೊಟ್ಟರೆ, ಎಲ್ಲಿಯೋ ತಪ್ಪಿದೆಯೆಂದು ಕನ್ನಡದ ಕಿವಿಗೇ ತಿಳಿಯುತ್ತದೆ. ವಾರಕ್ಕೊಮ್ಮೆ ಆ ಪುಸ್ತಕವನ್ನು ಉಪಾಧ್ಯಾಯರಿಗೆ ತೋರಿಸಿದರೆ ಉಳಿದುದನ್ನು ಅವರು ತಿದ್ದುತ್ತಾರೆ.

ಬರು, ಹೋಗು, ತಿನ್ನು, ಕುಡಿ, ಕೊಡು, ತೆಗೆದುಕೊ, ನೋಡು, ಬರೆ, ಮಾಡು, ತರು ಎಂಬ ಹತ್ತು ಧಾತುಗಳು ಆರಂಭಕ್ಕೆ ಯಥೇಷ್ಟ. ಇವುಗಳ ಇಂಗ್ಲೀಷ್ ರೂಪಗಳೆಲ್ಲವೂ ಕ್ರಮ ತಪ್ಪಿದವೇ ಆದುದರಿಂದ, ಭಯಪಡಿಸುವ ಆ ಪಟ್ಟಿಯ ಮುಖ್ಯ ಭಾಗವೂ ಇದರೊಡನೆಯೇ ಮುಗಿಯುತ್ತದೆ. ಹತ್ತು ಧಾತುಗಳಿಗೆ ಎಂಟೆಂಟರಂತೆ ಎಂಭತ್ತು ವಾಕ್ಯಗಳು. ಎರಡು ದಿನಕ್ಕೊಂದು ಧಾತುವೆಂದರೂ ಇಪ್ಪತ್ತು ದಿನಗಳ ಕೆಲಸ. ಕನ್ನಡ ಬಲ್ಲ ಮಾತ್ರಕ್ಕೆ ಇಂಗ್ಲೀಷು ತಾನಾಗಿ ಬಂದುಬಿಡುತ್ತದೆಂದು ನಾವು ಹೇಳುವುದಿಲ್ಲ. ಓದಬೇಕು, ಕೇಳಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಬಾಯಿಬಿಟ್ಟು ಆಡಬೇಕು. ಆಡುವಾಗ ನಡುವೆ ತಡೆಯದೆ, ವಾಕ್ಯ ಮುಗಿಯುವವರೆಗೆ ಕಾದು, ಶುದ್ಧವಾದ ರೂಪವನ್ನು ಮೆಲ್ಲಗೆ ಒಮ್ಮೆ ಹೇಳಿ ಸುಮ್ಮನಾಗಬೇಕು. ಮನೆಯಲ್ಲಿ ನೆಂಟರಿರುವಾಗ ಮಕ್ಕಳಿಂದ ಇಂಗ್ಲೀಷ್ ಆಡಿಸಿ ನೋಡುವ ಪದ್ಧತಿಯನ್ನು ಬಿಡುವುದು ಒಳ್ಳೆಯದು. ಇಂದು ‘ಬರೆ’ ಎಂಬುದರಿಂದ ಆರಂಭಿಸಿದವರು ನಾಡಿದ್ದು ‘ತಿನ್ನು’ ಎಂಬುದಕ್ಕೆ ಬರಲಿ. ಒಲೆಯ ಮುಂದೆ ಕುಳಿತೇ ಹೇಳಿಸಲು ಅದಕ್ಕಿಂತ ಅನುಕೂಲವಾದ ಧಾತು ಬೇರೊಂದಿಲ್ಲ.